ಸೈಕಲ್ಲಿಗೊಂದು ನೆಲೆ

ಕಾರ್ಕಳದ ಪೇಟೆಗೆ ಸೈಕಲ್ಲೇರಿ ಬರುವ ಗೃಹಸ್ಥನಿಗೆ ದಾರಿಯ ಏರುತಗ್ಗುಗಳಿಗಿಂತಲೂ ದೊಡ್ಡದಾದ ತೊಡಕು ದಾರಿ ಮುಗಿದ ಮೇಲೆ ಎದುರಾಗುತ್ತದೆ. ಇಳಿದ ಗಾಡಿಯನ್ನು ಇಡುವುದೆಲ್ಲಿ? ಅಂಗಡಿಯ ಮುಂದೆ ನಿಲ್ಲಿಸಿದರೆ ಅಂಗಡಿಯವನ ಹುಬ್ಬು ಗಂಟಿಕ್ಕುತ್ತದೆ. ಮೋಟಾರು ಸೈಕಲ್ಲುಗಳ ಸಾಲಿನಲ್ಲಿ ತೂರಿಸಿದರೆ ಸಂಜೆಗೆ ಹಿಡಿಕೆ ಒಂದು ದಿಕ್ಕಿಗೆ, ಚಕ್ರ ಒಂದು ದಿಕ್ಕಿಗೆ. ಮರದ ಬುಡದಲ್ಲಿಟ್ಟರೆ ಮಳೆಯಲ್ಲಿ ತೊಯ್ಯುತ್ತದೆ. ಸೈಕಲ್ಲನ್ನು ಕೊಳ್ಳುವಾಗ ಅದರ ಬೆಲೆ, ಬಣ್ಣ, ಗಂಟೆಗಳನ್ನೆಲ್ಲ ವಿಚಾರಿಸುವ ನಾವು ಈ ಒಂದು ಸಂಗತಿಯನ್ನು ವಿಚಾರಿಸುವುದೇ ಇಲ್ಲ. ಆದರೆ ಗಾಡಿ ದಿನಬಳಕೆಗೆ ಬರುವುದೋ, ಮನೆಯ ಚಾವಡಿಯ ಮೂಲೆಯಲ್ಲಿ ತುಕ್ಕು ಹಿಡಿಯುವುದೋ ಎಂಬುದು ಬಹುಮಟ್ಟಿಗೆ ಇದರಿಂದಲೇ ನಿಶ್ಚಯವಾಗುತ್ತದೆ.

ಕಾರ್ಕಳವು ಸೈಕಲ್ಲಿಗೆ ಒಗ್ಗುವ ಊರಲ್ಲವೆಂದು ಹೇಳುವವರುಂಟು. ಇದು ಬಂಡೆಗಳ ಸೀಮೆ. ಭೈರರಸ ವೀರಪಾಂಡ್ಯನು ೧೪೩೨ರಲ್ಲಿ ನಿಲ್ಲಿಸಿದ ೪೨ ಅಡಿಯ ಗೊಮ್ಮಟನು ಅಂತಹ ಬಂಡೆಯೊಂದರ ನೆತ್ತಿಯ ಮೇಲೆಯೇ ಇದ್ದಾನೆ. ಆ ಮೂರ್ತಿಯನ್ನು ಇಪ್ಪತ್ತು ಚಕ್ರದ ಬಂಡಿಯಲ್ಲಿ ಮೇಲಕ್ಕೆ ಸಾಗಿಸಿದರೆಂಬ ಪ್ರತೀತಿಯಿದೆ. ಎರಡು ಚಕ್ರದವರು ಎದೆಗೆಡಬೇಕಾಗಿಲ್ಲ! ಆದರೂ ಆಕ್ಷೇಪದಲ್ಲಿ ಸತ್ಯಾಂಶವಿದೆಯೆಂಬುದನ್ನು ಒಪ್ಪಲೇಬೇಕು. ಕಾರ್ಕಳದಿಂದ ಉಡುಪಿ, ಮಣಿಪಾಲಗಳಿಗೆ ನಿತ್ಯವೂ ಸೈಕಲ್ಲಿನಲ್ಲಿ ಹೋಗಿಬರುವುದು ಸಾಮಾನ್ಯ ಗೃಹಸ್ಥನಿಂದ ಆಗುವ ಮಾತಲ್ಲ. ಇಲ್ಲಿಗೆ ರೈಲು ಇಲ್ಲದುದರಿಂದ ಕಚೇರಿಗೂ ಕಾಲೇಜಿಗೂ ಆಸ್ಪತ್ರೆಗೂ ಬಸ್ಸನ್ನೇ ನಂಬಬೇಕು. ಸೈಕಲ್ಲಿನ ಉಪಯೋಗವಿರುವುದು ಆ ಬಸ್ಸಿನವರೆಗೆ. ಮಿಯ್ಯಾರು, ಸಾಣೂರು, ಕುಕ್ಕುಂದೂರುಗಳ ಒಳದಾರಿಗಳಲ್ಲಿರುವ ಮನೆಯಿಂದ ಬಸ್ಸು ಹಿಡಿಯುವಲ್ಲಿಗೆ ಮೂರು ಕಿಲೋಮೀಟರು ಇದೆಯೆಂದಿಟ್ಟುಕೊಳ್ಳೋಣ. ನಡೆದರೆ ಮುಕ್ಕಾಲು ಗಂಟೆಗೆ ಹತ್ತಿರವಾಗುತ್ತದೆ. ಏರಿನಲ್ಲಿ ಇಳಿದು ತಳ್ಳಿದರೂ ಸೈಕಲ್ಲಿಗೆ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಬೆಳಿಗ್ಗೆ ಅಷ್ಟು, ಸಂಜೆ ಅಷ್ಟು ಉಳಿಯಿತೆಂದರೆ ಓದುವ ಹುಡುಗಿಗೂ ಬೇಯಿಸಿಟ್ಟು ಹೊರಡುವ ತಾಯಿಗೂ ಅದು ಸಣ್ಣ ಲಾಭವಲ್ಲ. ಬಸ್ಸು ಹತ್ತಿದ ಮೇಲೆ ಗಾಡಿಯು ಇಟ್ಟಲ್ಲಿಯೇ ಇರುವುದೆಂಬ ಧೈರ್ಯ ಮಾತ್ರ ಬೇಕು.

ಹಿಂದೆ ಈ ಧೈರ್ಯವನ್ನು ಕೊಡುವ ಏರ್ಪಾಡು ನಮ್ಮ ನಾಡಿನ ಊರೂರುಗಳಲ್ಲಿ ಇದ್ದಿತು. ಬಸ್ಸು ನಿಲ್ದಾಣ, ರೈಲು ನಿಲ್ದಾಣ, ಸಿನೆಮಾ ಮಂದಿರಗಳ ಮಗ್ಗುಲಲ್ಲಿ ‘ಸೈಕಲ್ ಸ್ಟ್ಯಾಂಡ್’ ಎಂಬುದೊಂದು ತಗಡಿನ ಮಾಡು, ಅದರಡಿ ಒಬ್ಬ ಕಾವಲುಗಾರ, ಅವನ ಕೈಯಲ್ಲಿ ನಂಬರಿನ ಚೀಟಿ. ಸೈಕಲ್ಲಿಗೆ ತೆರಿಗೆ ವಸೂಲು ಮಾಡಿ ಲೋಹದ ಬಿಲ್ಲೆಯನ್ನು ಕೊಡುತ್ತಿದ್ದ ಪುರಸಭೆಗಳೂ ಇದ್ದವು. ಆ ತೆರಿಗೆಯನ್ನು ಜನ ಗೊಣಗುತ್ತಲೇ ಕೊಟ್ಟರೆಂಬುದು ನಿಜ. ಕ್ರಮೇಣ ಮೋಟಾರು ಸೈಕಲ್ಲುಗಳು ಹೆಚ್ಚಿ, ಅವುಗಳಿಂದ ದೊರೆಯುವ ಬಾಡಿಗೆಯೂ ಹೆಚ್ಚಾದಾಗ ಸ್ಟ್ಯಾಂಡಿನವರು ಅತ್ತ ಒಲಿದುದರಲ್ಲಿ ಆಶ್ಚರ್ಯವೇನಿದೆ? ಅವರ ಲೆಕ್ಕ ಅವರಿಗೆ. ಊರಿನ ಲೆಕ್ಕವೇ ಬೇರೆ: ಒಂದು ಕಾರು ನಿಲ್ಲುವ ಸ್ಥಳದಲ್ಲಿ ಎಂಟು ಹತ್ತು ಸೈಕಲ್ಲುಗಳನ್ನು ನಿಲ್ಲಿಸಬಹುದು.

ಕರ್ನಾಟಕ ಸರಕಾರವು ೨೦೦೬-೦೭ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಉಚಿತವಾಗಿ ಹಂಚತೊಡಗಿದುದನ್ನು ವಾಚಕರು ಬಲ್ಲರು. ಎಷ್ಟೋ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಪ್ರಥಮತಃ ಸೈಕಲ್ಲು ಹತ್ತಿದುದು ಆಗಲೇ. ಗಾಡಿಯೇನೋ ಬಂದಿತು; ಅದನ್ನಿಡುವ ಮಾಡು ಎಲ್ಲ ಶಾಲೆಗಳಿಗೂ ಒದಗಲಿಲ್ಲ. ವರ್ಷಕ್ಕೆ ೪೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ, ಆಟಿಯ ಜಡಿಮಳೆಗೆ ದಿನವಿಡೀ ಒಡ್ಡಿದ ಸರಪಳಿ ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತದೆ. ಕೊರೋನಾ ಕಾಲದಿಂದ ಆ ಹಂಚಿಕೆಯೂ ನಿಂತಿತಾದ್ದರಿಂದ, ಇದ್ದ ಗಾಡಿಗಳನ್ನು ಕಾಪಾಡಿಕೊಳ್ಳುವುದರ ಬೆಲೆ ಮತ್ತಷ್ಟು ಹೆಚ್ಚಿತು.

ಮೈಸೂರಿನಲ್ಲಿ ೨೦೧೭ರ ಜೂನ್ ತಿಂಗಳಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ಲುಗಳ ಏರ್ಪಾಡು ಆರಂಭವಾದಾಗ ೪೫೦ ಸೈಕಲ್ಲುಗಳಿಗೆ ೪೮ ನಿಲುಗಡೆಗಳನ್ನು ಕಟ್ಟಿದರು. ಒಂದೆಡೆ ತೆಗೆದುಕೊಂಡ ಗಾಡಿಯನ್ನು ಇನ್ನೊಂದೆಡೆಯ ಕೊಂಡಿಗೆ ಸಿಕ್ಕಿಸಿ ನಿಶ್ಚಿಂತೆಯಿಂದ ಹೋಗಬಹುದಾಗಿತ್ತು. ಆ ಯೋಜನೆಯಲ್ಲಿ ನಮಗೆ ಮೆಚ್ಚಿಕೆಯಾದುದು ಸೈಕಲ್ಲಿಗಿಂತ ಹೆಚ್ಚಾಗಿ ಈ ಕೊಂಡಿಯೇ. ಹಾಲೆಂಡಿನವರಂತೂ ಇದನ್ನು ಪರಮಾವಧಿಗೆ ಒಯ್ದಿದ್ದಾರೆ. ಅಲ್ಲಿನ ಉಟ್ರೆಕ್ಟ್ ನಗರದ ರೈಲು ನಿಲ್ದಾಣದಡಿ ೨೦೧೯ರಲ್ಲಿ ಪೂರ್ಣಗೊಂಡ ನೆಲೆಯಲ್ಲಿ ೧೨,೫೦೦ ಸೈಕಲ್ಲುಗಳಿಗೆ ಸ್ಥಳವಿದೆ. ಮೊದಲ ೨೪ ಗಂಟೆಗೆ ಬಾಡಿಗೆಯಿಲ್ಲ. ಮನೆಯಿಂದ ರೈಲಿಗೆ ಸೈಕಲ್ಲು, ರೈಲಿನಿಂದ ಊರಿಗೆ ಕಾಲ್ನಡಿಗೆ. ನಮ್ಮಲ್ಲಿ ರೈಲಿನ ಸ್ಥಾನದಲ್ಲಿ ಬಸ್ಸನ್ನು ಇಟ್ಟುಕೊಂಡರಾಯಿತು.

ಅಷ್ಟು ದೊಡ್ಡದು ನಮಗೆ ಬೇಡ. ಬಸ್ಸು ನಿಲ್ದಾಣದ ಬಳಿ, ಶಾಲೆಯಲ್ಲಿ, ಸಂತೆಯ ಸ್ಥಳದಲ್ಲಿ ಹತ್ತಿಪ್ಪತ್ತು ಗಾಡಿಗಳಿಗೆ ನೆಲೆಯಾದರೆ ಸಾಕು. ಆದರೆ ಅದನ್ನು ಕಟ್ಟುವ ಕ್ರಮವನ್ನು ತಿಳಿದು ಕಟ್ಟಬೇಕು. ಮುಂದಿನ ಚಕ್ರವನ್ನು ಮಾತ್ರ ಸಂದಿಗೆ ತೂರಿಸುವ ಕಬ್ಬಿಣದ ಚೌಕಟ್ಟನ್ನು ಎಲ್ಲೆಲ್ಲಿಯೂ ಕಾಣುತ್ತೇವೆ. ಪಕ್ಕದ ಗಾಡಿ ವಾಲಿತೆಂದರೆ ಇಡೀ ಭಾರವು ಆ ಚಕ್ರದ ಮೇಲೆ ಬಿದ್ದು ಅದು ಸೊಟ್ಟಗಾಗುತ್ತದೆ. ಇಂಗ್ಲೆಂಡಿನ ಷೆಫೀಲ್ಡ್ ಪಟ್ಟಣದ ಹೆಸರಿನಿಂದ ಪ್ರಸಿದ್ಧವಾದ ಕಂಬವು ಇದಕ್ಕಿಂತ ಸರಳವೂ ಉತ್ತಮವೂ ಆಗಿದೆ: ಒಂದೇ ಕೊಳವೆಯನ್ನು ಕಮಾನಿನಂತೆ ಬಗ್ಗಿಸಿ, ಎರಡೂ ತುದಿಗಳನ್ನು ಕಾಂಕ್ರೀಟಿನಲ್ಲಿ ಹುಗಿಯುವುದು. ಎತ್ತರವು ಸೊಂಟಕ್ಕಿಂತ ತುಸು ಕೆಳಗೆ. ಕಂಬಕ್ಕೂ ಕಂಬಕ್ಕೂ ಒಂದು ಮೀಟರು ಅಂತರ. ಆಚೆಗೊಂದು, ಈಚೆಗೊಂದು ಗಾಡಿ. ವೆಲ್ಡಿಂಗ್ ಬಲ್ಲ ಯಾವ ಕೆಲಸಗಾರನಾದರೂ ಮಾಡಿಕೊಟ್ಟಾನು. ನಮ್ಮ ಸೈಕಲ್ಲುಗಳ ಹಿಂದಿನ ಚಕ್ರಕ್ಕಿರುವ ಬೀಗವು ಚಕ್ರವನ್ನು ತಡೆಯುತ್ತದೆಯೇ ಹೊರತು, ಗಾಡಿಯನ್ನೇ ಹೊತ್ತೊಯ್ಯುವವನನ್ನು ತಡೆಯಲಾರದು. ಕಮಾನಿಗೆ ಸರಪಳಿ ಬೀಗವನ್ನು ಸುತ್ತಿ, ಗಾಡಿಯ ಚೌಕಟ್ಟನ್ನೂ ಒಂದು ಚಕ್ರವನ್ನೂ ಕೂಡಿಸಿ ಬಿಗಿದರೆ ಕಳ್ಳನಿಗೆ ಕೆಲಸ ಕಷ್ಟ.

ಮಾಡಿನ ವಿಷಯದಲ್ಲಿ ಒಂದು ಮಾತು. ನಮ್ಮಲ್ಲಿ ಮಳೆಯು ಪಡುವಣದಿಂದ ಓರೆಯಾಗಿ ಹೊಡೆಯುವುದರಿಂದ ಆ ಕಡೆಯ ಇಳಿಜಾರು ತಗ್ಗಾಗಿ ಬರಬೇಕು. ಸ್ಥಳವು ಹತ್ತು ಜನರ ಕಣ್ಣಿಗೆ ಬೀಳುವಂತಿದ್ದು, ರಾತ್ರಿ ದೀಪವಿರಬೇಕು. ಕೊನೆಯ ಬಸ್ಸಿಳಿದ ಹೆಣ್ಣುಮಗಳು ಕತ್ತಲೆಯ ಮೂಲೆಗೆ ಹೋಗಿ ಬೀಗ ತೆಗೆಯಬೇಕಾದರೆ ಆ ಮಾಡಿನಿಂದ ಪ್ರಯೋಜನವಿಲ್ಲ. ಪುರಸಭೆಯ ಸದಸ್ಯರು ಮತ ಕೇಳಲು ಮನೆಗೆ ಬಂದಾಗ ಗೃಹಸ್ಥರು ಚರಂಡಿ, ನಳ್ಳಿನೀರುಗಳ ಜೊತೆಗೆ ಇದನ್ನೂ ಕೇಳಬಹುದು.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬೇಕಾದುದು ಇಷ್ಟು: ತೊಯ್ದು ಬಂದ ಸೈಕಲ್ಲನ್ನು ಹಾಗೆಯೇ ಒರಗಿಸದೆ ಹಳೆಯ ಬಟ್ಟೆಯಿಂದ ಸರಪಳಿಯನ್ನು ಒರಸಿ, ಅದು ಆರಿದ ಮೇಲೆ ಪೆಡಲನ್ನು ಹಿಮ್ಮುಖವಾಗಿ ತಿರುಗಿಸುತ್ತ ಒಂದೊಂದು ಕೊಂಡಿಗೂ ಹನಿ ಹನಿಯಾಗಿ ಯಂತ್ರದ ಎಣ್ಣೆಯನ್ನು ಬಿಟ್ಟು, ಮಿಕ್ಕುದನ್ನು ಒರಸಿ ತೆಗೆಯುವುದು. ತೆಂಗಿನೆಣ್ಣೆಯನ್ನು ಹಾಕಬಾರದು, ಅದು ಅಂಟಾಗಿ ಧೂಳನ್ನು ಹಿಡಿಯುತ್ತದೆ.