ಬೈಕಿನ ಬೆನ್ನಿಗೆ ಪ್ರಯೋಗಶಾಲೆ, ಕೈಗೆ ವಾಲ್‌ಟ್ಯೂಬು

ಹದಿಮೂರು ದಾಟಿದ ಬಡ ಮಕ್ಕಳಿಗೆ ಏನು ಕೊಡಬೇಕೆಂದು ದಾನಿಗಳಿಗೆ ತೋಚುವುದಿಲ್ಲ. ಹಬ್ಬ, ಹುಟ್ಟುಹಬ್ಬ, ಹಿರಿಯರ ತಿಥಿ ಎಂದು ಬೆಂಗಳೂರಿನಿಂದ ಅತ್ತಿಬೆಲೆ ದಾಟಿ ತಮಿಳುನಾಡಿನ ಹೊಸೂರು ಕಡೆಯ ಹಾಸ್ಟೆಲುಗಳನ್ನು ಹುಡುಕಿಕೊಂಡು ಹೋಗುವವರ ಕಾರಿನ ಡಿಕ್ಕಿಯಲ್ಲಿ ಬೊಂಬೆ, ಬಣ್ಣದ ಪೆನ್ಸಿಲು, ಬಿಸ್ಕತ್ತಿನ ಪೊಟ್ಟಣ ಇರುತ್ತವೆ. ಮೀಸೆ ಚಿಗುರುತ್ತಿರುವ ಹುಡುಗ ಟೆಡ್ಡಿ ಕರಡಿ ಹಿಡಿದು ಫೋಟೊಕ್ಕೆ ನಿಲ್ಲುತ್ತಾನೆ, ಮನೆಗೆ ಹೋಗಿ ತಂಗಿಗೆ ಕೊಡುತ್ತಾನೆ. ಕೊಟ್ಟವರದೇನೂ ತಪ್ಪಿಲ್ಲ. ಆದರೆ ಆ ವಯಸ್ಸಿಗೆ ಬೇಕಾದದ್ದು ಬಿಚ್ಚಿ ನೋಡಬಹುದಾದ ವಸ್ತು, ಬಿಚ್ಚಿದ ಮೇಲೆ ‘ಏನು ಕಂಡಿತು?’ ಎಂದು ಕೇಳುವ ಒಬ್ಬ ಮನುಷ್ಯ.

ಇವೆರಡನ್ನೂ ಒಟ್ಟಿಗೆ ಕೊಡುವ ದಾರಿಯೊಂದು ಈ ಗಡಿನಾಡಿನಲ್ಲೇ ಇದೆ. ಕೃಷ್ಣಗಿರಿಯ ಪಕ್ಕ, ಆಂಧ್ರದ ಗಡಿ ದಾಟಿದರೆ ಕುಪ್ಪಂ. ಅದರ ಹತ್ತಿರದ ಗುಡಿವಂಕದಲ್ಲಿ ಅಗಸ್ತ್ಯ ಇಂಟರ್‌ನ್ಯಾಷನಲ್ ಫೌಂಡೇಷನ್ನಿನ 172 ಎಕರೆಯ ಆವರಣವಿದೆ. ಹಿಂದೆ ಅದು ಬೋಳು ಗುಡ್ಡ, ಈಗ ಹಸಿರು. ರಿಷಿ ವ್ಯಾಲಿ ಶಾಲೆಯಲ್ಲಿ ಓದಿ, ವಿದೇಶದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ರಾಮ್‌ಜಿ ರಾಘವನ್ ಅದನ್ನು ಬಿಟ್ಟು ಬಂದು 1999ರಲ್ಲಿ ಕಟ್ಟಿದ ಸಂಸ್ಥೆ ಇದು. ಮಕ್ಕಳನ್ನು ಪ್ರಯೋಗಶಾಲೆಗೆ ಕರೆತರುವುದು ಕಷ್ಟ, ಪ್ರಯೋಗಶಾಲೆಯೇ ಮಕ್ಕಳ ಬಳಿ ಹೋಗಲಿ ಎಂದು ಮೊದಲು ವ್ಯಾನು ಹೊರಟಿತು. ವ್ಯಾನು ಹೋಗದ ಊರಿಗೆ ಬೈಕು ಹೊರಟಿತು. 2013ರಲ್ಲಿ ಗೂಗಲ್ ಭಾರತದಲ್ಲಿ ನಡೆಸಿದ ಸ್ಪರ್ಧೆಯಲ್ಲಿ ತಲಾ ಮೂರು ಕೋಟಿ ರೂಪಾಯಿ ಗೆದ್ದ ಸಂಸ್ಥೆಗಳಲ್ಲಿ ಅಗಸ್ತ್ಯವೂ ಒಂದು, ಗೆದ್ದದ್ದು ಈ ಬೈಕಿನ ಆಲೋಚನೆಗೇ.

ಅಗಸ್ತ್ಯದ ಬಗ್ಗೆ ಬರೆಯುವವರು ದೊಡ್ಡ ಅಂಕಿಗಳಿಗೆ, ಶೇರುಪೇಟೆಯ ರಾಕೇಶ್ ಝುಂಝುನ್‌ವಾಲಾ ಕೈಬಿಚ್ಚಿ ಕೊಟ್ಟ ಹಣಕ್ಕೆ ಜಾಗ ಕೊಡುತ್ತಾರೆ. ನನಗೆ ಹಿಡಿಸಿದ್ದು ಬೇರೆ. ಅವರು ದೊಡ್ಡ ಮಕ್ಕಳಿಂದಲೇ ಚಿಕ್ಕವರಿಗೆ ಪಾಠ ಮಾಡಿಸುತ್ತಾರೆ. ವಿಜ್ಞಾನ ಮೇಳದಲ್ಲಿ ಮಾದರಿಯ ಹಿಂದೆ ನಿಂತು ವಿವರಿಸುವುದು ಸರ್ಕಾರಿ ಶಾಲೆಯ ಹುಡುಗ ಹುಡುಗಿಯರೇ. ಹದಿನಾಲ್ಕು ವರ್ಷದವರಿಗೆ ಕೈ ಚಾಚಲು ನಾಚಿಕೆ, ಹೇಳಿಕೊಡಲು ಹುಮ್ಮಸ್ಸು. ಈ ಗುಟ್ಟು ತಿಳಿದವರೇ ಆ ವಯಸ್ಸಿನವರಿಗೆ ಏನಾದರೂ ಕೊಡಬಲ್ಲರು.

ಇನ್ನು ವಾಲ್‌ಟ್ಯೂಬಿನ ಕಥೆ. 1975ರಲ್ಲಿ ಕಾನ್ಪುರ ಐಐಟಿಯಿಂದ ಹೊರಬಂದ ಅರವಿಂದ ಗುಪ್ತಾ ಪುಣೆಯ ಟೆಲ್ಕೊದಲ್ಲಿ ಲಾರಿ ತಯಾರಿಸುವ ಕೆಲಸದಲ್ಲಿದ್ದರು. 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿಗೆ, ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಅಲ್ಲಿ ಅವರಿಗೆ ಹೊಳೆದದ್ದು ಇಷ್ಟೇ: ಸೈಕಲ್ ಚಕ್ರಕ್ಕೆ ಗಾಳಿ ಹಾಕುವ ವಾಲಿಗೆ ತೊಡಿಸುವ ರಬ್ಬರ್ ಕೊಳವೆಯನ್ನು ಒಂದೂವರೆ ಸೆಂಟಿಮೀಟರಿನಷ್ಟು ಕತ್ತರಿಸಿ, ಎರಡು ತುದಿಗೂ ಬೆಂಕಿಕಡ್ಡಿ ತುರುಕಿದರೆ ಅದೊಂದು ಕೀಲು. ಮದ್ದು ಕೆರೆದು ತೆಗೆದರೆ ಸಾಕು, ಶಿವಕಾಶಿಯ ಬೆಂಕಿಪೊಟ್ಟಣವೇ ಆಟದ ಸಾಮಾನು. ಮೂರು ಕಡ್ಡಿ ಸೇರಿಸಿದರೆ ತ್ರಿಕೋನ. ಒತ್ತಿ ನೋಡಿ, ಅಲುಗುವುದಿಲ್ಲ. ನಾಲ್ಕು ಸೇರಿಸಿದರೆ ಚೌಕ. ಬೆರಳು ಸೋಕಿದರೆ ವಾಲುತ್ತದೆ. ಅಡ್ಡಲಾಗಿ ಒಂದು ಉದ್ದ ಕಡ್ಡಿ ಕೊಟ್ಟರೆ ಚೌಕವೂ ಗಟ್ಟಿ. ಇದನ್ನು ಕೈಯಾರೆ ಮಾಡಿದ ಹುಡುಗಿಗೆ ಮೊಬೈಲ್ ಟವರಿನ ಮೈಯೆಲ್ಲ ಏಕೆ ತ್ರಿಕೋನ, ಸಿಪ್‌ಕಾಟ್‌ನ ಕೈಗಾರಿಕಾ ಪ್ರದೇಶದ ಶೆಡ್ಡುಗಳ ಸೂರಿನ ಕೆಳಗೆ ಏಕೆ ಅದೇ ಆಕಾರ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ. ಖರ್ಚು ಒಂದು ಟೀ ಕಾಸು. ಕಸದಿಂದ ಆಟಿಕೆ ಮಾಡುತ್ತಲೇ ಬಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಸಿಪ್‌ಕಾಟ್ ಎಂದೆನಲ್ಲ, ಹೊಸೂರಿನ ವಿಚಿತ್ರವೇ ಅದು. ಟಿವಿಎಸ್ ಬೈಕು, ಲೇಲ್ಯಾಂಡ್ ಲಾರಿ, ಟೈಟಾನ್ ವಾಚು ಇಲ್ಲಿ ತಯಾರಾಗುತ್ತವೆ. ಆದರೆ ತಳಿ, ಡೆಂಕಣಿಕೋಟೆ, ಅಂಚೆಟ್ಟಿಯ ಬೆಟ್ಟದೂರುಗಳಲ್ಲಿ ಒಂದು ವಾಚನ್ನೂ ಬಿಚ್ಚಿ ನೋಡದೆ ಹತ್ತನೇ ತರಗತಿ ಮುಗಿಸುವ ಮಕ್ಕಳಿದ್ದಾರೆ. ಹತ್ತನೇ ತರಗತಿಯವರೆಗೂ ಹೋಗದೆ ಮದುವೆಯ ಚಪ್ಪರಕ್ಕೆ ಹೋಗುವ ಹೆಣ್ಣುಮಕ್ಕಳ ಸುದ್ದಿಯೂ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ.

ತಮಿಳುನಾಡು ಸರ್ಕಾರ ಕೊಡುವುದರಲ್ಲಿ ಹಿಂದೆ ಬಿದ್ದಿಲ್ಲ. 2022ರ ನವೆಂಬರಿನಲ್ಲಿ ತಿರುಚ್ಚಿಯಲ್ಲಿ ಶುರುವಾದ ‘ವಾನವಿಲ್ ಮನ್ರಂ’ ಯೋಜನೆಯಲ್ಲಿ ಪ್ರಯೋಗದ ಸಾಮಾನು ಹೊತ್ತವರು ಸರ್ಕಾರಿ ಶಾಲೆಗಳಿಗೆ ಬರುತ್ತಾರೆ. ಇದು ಆರರಿಂದ ಎಂಟನೇ ತರಗತಿಗೆ. ಹನ್ನೊಂದಕ್ಕೆ ಬಂದರೆ ಉಚಿತ ಸೈಕಲ್ ಸಿಗುತ್ತದೆ. ನಡುವಿನ ಒಂಬತ್ತು, ಹತ್ತಕ್ಕೆ? ಪರೀಕ್ಷೆ. ಓದು ಬಿಡುವ ಮಕ್ಕಳು ಬಿಡುವುದು ಆ ಹೊತ್ತಿಗೇ. ದಾನಿಗಳು ಕಣ್ಣಿಡಬೇಕಾದದ್ದು ಈ ಎರಡು ವರ್ಷಗಳ ಮೇಲೆ ಎಂಬುದು ನನ್ನ ವಾದ.

ಕೊಡಲು ಏನಿಲ್ಲ! ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ತಂಡ 2014ರಲ್ಲಿ ಲೋಕಕ್ಕೆ ತೋರಿಸಿದ ಫೋಲ್ಡ್‌ಸ್ಕೋಪ್ ಇದೆ. ಕಾಗದ ಮಡಚಿ ಮಾಡುವ ಈ ಸೂಕ್ಷ್ಮದರ್ಶಕ ಪುಟ್ಟ ಮಸೂರದಲ್ಲಿ ವಸ್ತುವನ್ನು ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಹೊಸೂರಿನ ರಾಮನಾಯಕನ ಕೆರೆಯ ಒಂದು ಹನಿ ನೀರು ಸಿಕ್ಕರೆ ಸಂಜೆಯೆಲ್ಲ ಸಾಲದು. ಒಂದು ಮಲ್ಟಿಮೀಟರು, ಸ್ಕ್ರೂಡ್ರೈವರ್ ಸೆಟ್ಟು, ಕೆಟ್ಟ ರೇಡಿಯೊ ಕೊಡಬಹುದು. ಕಾಸಿಲ್ಲದವರು ಏಪ್ರಿಲ್ 24ರ ಆಸುಪಾಸಿನಲ್ಲಿ ನಡುಹಗಲು ಶಾಲೆಯ ಅಂಗಳದಲ್ಲೊಂದು ಕೋಲು ನೆಟ್ಟಗೆ ನಿಲ್ಲಿಸಲಿ. ಸೂರ್ಯ ನೆತ್ತಿಯ ಮೇಲೆ ಬಂದು ಕೋಲಿನ ನೆರಳು ಇಲ್ಲವಾಗುತ್ತದೆ. ಆಗಸ್ಟಿನಲ್ಲಿ ಇನ್ನೊಮ್ಮೆ ಹಾಗಾಗುತ್ತದೆ, ಆಗ ಮೋಡದ ಕಾಟ.

ಒಂದು ತೊಡಕು ಮಾತ್ರ ಇದೆ. ಪೆಟ್ಟಿಗೆಯೊಳಗಿನ ಸೂಚನೆ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಇರುತ್ತದೆ. ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಚಿತ್ರ ನೋಡಿ ಊಹಿಸಬೇಕು. ಇದಕ್ಕೆ ಮದ್ದೂ ಇದೆ: ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಪತ್ರಿಕೆ 1978ರಿಂದ ಬರುತ್ತಿದೆ. ಜೆ.ಆರ್. ಲಕ್ಷ್ಮಣರಾಯರಂಥವರು ಸಂಪಾದಿಸಿದ ಆ ಸಂಚಿಕೆಗಳನ್ನು ಓದಿ ಬೆಳೆದವರಲ್ಲಿ ಅನೇಕರು ಈಗ ಹೊಸೂರು ರಸ್ತೆಯ ಕಂಪನಿಗಳಲ್ಲಿ ಒಳ್ಳೆಯ ಸಂಬಳ ಎಣಿಸುತ್ತಿರಬಹುದು. ಗಡಿಯಾಚೆಯ ಕನ್ನಡ ಶಾಲೆಯೊಂದರ ವಿಳಾಸಕ್ಕೆ ಒಂದು ವರ್ಷದ ಚಂದಾ ಕಟ್ಟುವುದು ಅವರಿಗೆ ಯಾವ ಲೆಕ್ಕ? ನೆನಪು ಮಾಡುವವರಿಲ್ಲ, ಅಷ್ಟೆ.