ವಿದ್ಯುತ್ತನ್ನು ತಡೆದು ಸುದ್ದಿಯನ್ನು ದಾಟಿಸುವ ಬೆಳಕು

ಮೊಬೈಲ್ ಫೋನನ್ನು ಚಾರ್ಜರಿಗೆ ಸಿಕ್ಕಿಸಿಕೊಂಡೇ ಮಾತನಾಡುವವರು ಅನೇಕರು. ಆ ಪುಟ್ಟ ಪೆಟ್ಟಿಗೆಯೊಳಗೆ, ಫೋನಿಗೆ ಹೋಗುವ 5 ವೋಲ್ಟಿನ ತಂತಿಗೂ ಮನೆಯ 230 ವೋಲ್ಟಿನ ವಿದ್ಯುತ್ತಿಗೂ ನಡುವಣ ಅಂತರ ಕೆಲವೇ ಮಿಲಿಮೀಟರು. ಇವೆರಡೂ ಒಂದನ್ನೊಂದು ಮುಟ್ಟಿದರೆ ಕೈಯಲ್ಲಿರುವ ಫೋನು ಪ್ರಾಣಕ್ಕೇ ಎರವಾದೀತು. ಆದುದರಿಂದ ಇಲ್ಲಿ ಶಕ್ತಿಯು ತಂತಿಯ ಮೂಲಕ ದಾಟುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರದ ಮೂಲಕ ದಾಟುತ್ತದೆ.

ಆದರೆ ಒಂದು ತೊಡಕುಂಟು. ಹೊರಬರುವ ವಿದ್ಯುತ್ತು 5 ವೋಲ್ಟಿಗಿಂತ ಏರಿತೇ, ಇಳಿಯಿತೇ ಎಂಬ ಸುದ್ದಿಯು 230 ವೋಲ್ಟಿನ ಕಡೆಯಿರುವ ನಿಯಂತ್ರಕಕ್ಕೆ ಹಿಂದಿರುಗಬೇಕು. ಅದಕ್ಕೆಂದು ತಂತಿಯೆಳೆದರೆ ಕಟ್ಟಿದ ಗೋಡೆಯನ್ನು ನಾವೇ ಒಡೆದಂತಾಯಿತು. ಟ್ರಾನ್ಸ್‌ಫಾರ್ಮರಾದರೋ ಬದಲಾಗುತ್ತಿರುವ ಪ್ರವಾಹವನ್ನು ಮಾತ್ರ ದಾಟಿಸಬಲ್ಲುದು. ಸ್ಥಿರವಾದ ಪ್ರವಾಹದ ಮಟ್ಟವನ್ನು ತಿಳಿಸಲಾರದು. ಅನೇಕ ಚಾರ್ಜರುಗಳಲ್ಲಿ ಈ ದೌತ್ಯವನ್ನು ವಹಿಸಿರುವುದು ಬೆಳಕು.

ಕಡಲೆಬೀಜದಷ್ಟು ದೊಡ್ಡದಾದ, ನಾಲ್ಕು ಕಾಲುಗಳ ಕಪ್ಪು ಬಿಲ್ಲೆಯೊಂದನ್ನು ಊಹಿಸಿಕೊಳ್ಳಿ. ಅದರೊಳಗೆ ಒಂದು ಕಡೆ ಅತಿರಕ್ತ ಕಿರಣಗಳನ್ನು ಸೂಸುವ ಎಲ್‌ಇಡಿ ದೀಪ. ಎದುರಿಗೆ ಸಿಲಿಕಾನಿನ ಫೋಟೋಟ್ರಾನ್ಸಿಸ್ಟರು. ನಡುವೆ ಕಿರಣವನ್ನು ಬಿಡುವ, ವಿದ್ಯುತ್ತನ್ನು ಬಿಡದ ಪಾರಕ ವಸ್ತು. ದೀಪ ಬೆಳಗಿದಾಗ ಟ್ರಾನ್ಸಿಸ್ಟರಿನಲ್ಲಿ ಇಲೆಕ್ಟ್ರಾನುಗಳು ಬಿಡುಗಡೆ ಹೊಂದಿ ಪ್ರವಾಹ ಹರಿಯುತ್ತದೆ, ಆರಿದಾಗ ನಿಲ್ಲುತ್ತದೆ. ಚಾರ್ಜರಿನ ವೋಲ್ಟೇಜು ಏರಿದರೆ ದೀಪ ಹೆಚ್ಚು ಪ್ರಖರವಾಗುತ್ತದೆ, ಆಚೆಯ ನಿಯಂತ್ರಕ ಶಕ್ತಿಯನ್ನು ತಗ್ಗಿಸುತ್ತದೆ. ಈ ಬಿಲ್ಲೆಗಳಲ್ಲಿ ಅನೇಕವು 5000 ವೋಲ್ಟುಗಳನ್ನು ಒಂದು ನಿಮಿಷ ತಡೆದು ನಿಲ್ಲಬಲ್ಲವು. (ಇದನ್ನು ಕಾಣುವ ಕುತೂಹಲದಿಂದ ಚಾರ್ಜರನ್ನು ಬಿಚ್ಚುವ ಸಾಹಸ ಬೇಡ, ಗೋಡೆಯಿಂದ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು.)

ಕೆಲವರು ಇದನ್ನು ಆಪ್ಟೋಐಸೋಲೇಟರ್ ಎನ್ನುವರು, ಕೆಲವರು ಆಪ್ಟೋಕಪ್ಲರ್ ಎನ್ನುವರು. ಮೊದಲನೆಯದರ ಅರ್ಥ ಬೇರ್ಪಡಿಸುವುದು, ಎರಡನೆಯದರ ಅರ್ಥ ಜೋಡಿಸುವುದು! ವಿಚಿತ್ರವೆಂದರೆ ಎರಡು ಹೆಸರೂ ಸರಿಯೇ.

ರೋಗಿಯ ಎದೆಗೆ ತಂತಿಗಳನ್ನು ಅಂಟಿಸುವ ಇಸಿಜಿ ಯಂತ್ರಗಳಲ್ಲಿಯೂ, ಕಾರ್ಖಾನೆಯ ಮೋಟಾರುಗಳನ್ನು ಆಳುವ ಪೆಟ್ಟಿಗೆಗಳಲ್ಲಿಯೂ ಇದರ ಉಪಯೋಗವುಂಟು. ಸಂಗೀತಕ್ಕೂ ಇದು ಒದಗಿದೆ. ವಿದ್ಯುತ್ ವಾದ್ಯಗಳು ಪರಸ್ಪರ ಸಂದೇಶ ಕಳುಹಿಸಲೆಂದು 1983ರಲ್ಲಿ ರೂಪುಗೊಂಡ ಮಿಡಿ ಪದ್ಧತಿಯಲ್ಲಿ, ಸಂದೇಶವನ್ನು ಸ್ವೀಕರಿಸುವ ವಾದ್ಯ ಇದರ ಮೂಲಕವೇ ಅದನ್ನು ಪಡೆಯುತ್ತದೆ. ವಾದ್ಯಗಳ ಭೂಸಂಪರ್ಕದ ತಂತಿಗಳು ಕೂಡಿಕೊಂಡರೆ ಧ್ವನಿವರ್ಧಕದಲ್ಲಿ ಏಳುವ ಗುಂಯ್‌ಗುಡುವಿಕೆಗೆ ಇದರಿಂದ ತಡೆಯಾಯಿತು.

ದೋಷಗಳಿಲ್ಲವೆಂದಲ್ಲ. ಫೋಟೋಟ್ರಾನ್ಸಿಸ್ಟರು ಎಚ್ಚರಗೊಂಡು ಮತ್ತೆ ಮಲಗಲು ಕೆಲವು ಮೈಕ್ರೊಸೆಕೆಂಡುಗಳು ಬೇಕು. ಬಹಳ ಅವಸರದ ಸಂದೇಶಗಳಿಗೆ ಫೋಟೋಡಯೋಡಿನ ಮಾದರಿಗಳೇ ತಕ್ಕವು. ಇದಕ್ಕಿಂತ ಕಳವಳದ ಸಂಗತಿ ದೀಪದ ಮುಪ್ಪು. 4ಎನ್25 ಎಂಬ ಹಳೆಯ ಮಾದರಿಯಲ್ಲಿ ದೀಪಕ್ಕೆ 10 ಮಿಲಿಆಂಪಿಯರು ಕೊಟ್ಟರೆ ಆಚೆಗೆ ಕನಿಷ್ಠ 2 ಮಿಲಿಆಂಪಿಯರು ದೊರೆಯುವುದೆಂಬ ಭರವಸೆಯುಂಟು. ವರ್ಷಗಳು ಕಳೆದಂತೆ, ಅದರಲ್ಲಿಯೂ ಹೆಚ್ಚು ಪ್ರವಾಹ ಮತ್ತು ಬಿಸಿಗೆ ಸಿಕ್ಕಿದಲ್ಲಿ, ದೀಪ ಮಂಕಾಗಿ ಈ ಪ್ರಮಾಣ ಇಳಿಯುತ್ತದೆ. ದೂತನ ದನಿ ಉಡುಗಿದರೆ ನಿಯಂತ್ರಕವು ವೋಲ್ಟೇಜು ಕಡಮೆಯಿದೆಯೆಂದು ಭ್ರಮಿಸಿ ಇನ್ನೂ ಏರಿಸಹೊರಡುತ್ತದೆ. ಅದಕ್ಕಾಗಿಯೇ ಬಲ್ಲ ಎಂಜಿನಿಯರುಗಳು ದೀಪವನ್ನು ಅದರ ಪೂರ್ಣ ಸಾಮರ್ಥ್ಯಕ್ಕಿಂತ ಬಹಳ ಕಡಮೆ ಪ್ರವಾಹದಲ್ಲಿ ಉರಿಸುತ್ತಾರೆ, ಮತ್ತು ವೋಲ್ಟೇಜು ಮಿತಿಮೀರಿದರೆ ಚಾರ್ಜರನ್ನೇ ನಿಲ್ಲಿಸುವ ಇನ್ನೊಂದು ಕಾವಲನ್ನು ಬೇರೆಯಾಗಿ ಇಡುತ್ತಾರೆ.