ಮುಂಬಯಿ ಪಾಲಿಕೆಗೆ ಕನ್ನಡ ಶಾಲೆ ಏಕೆ?

ಪ್ರಶ್ನೆ: ಮಹಾರಾಷ್ಟ್ರದ ಭಾಷೆ ಮರಾಠಿ. ಹಾಗಿದ್ದೂ ಮುಂಬಯಿ ಮಹಾನಗರಪಾಲಿಕೆ ಕನ್ನಡ ಶಾಲೆಗಳನ್ನು ನಡೆಸುವುದೇಕೆ?

ಭಾಷಾ ಅಲ್ಪಸಂಖ್ಯಾತರನ್ನು ಗುರುತಿಸುವುದು ರಾಜ್ಯವಾರು. ಹೀಗಾಗಿ ಕರ್ನಾಟಕದಲ್ಲಿ ಬಹುಸಂಖ್ಯಾತರಾದ ಕನ್ನಡಿಗರು ಮಹಾರಾಷ್ಟ್ರದಲ್ಲಿ ಅಲ್ಪಸಂಖ್ಯಾತರು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಟ್ಟಿದೆ; ಆದರೆ ಪಾಠದ ಭಾಷೆಯೇ ಅರ್ಥವಾಗದಿದ್ದರೆ ಸೀಟು ಸಿಕ್ಕಿ ಏನು ಫಲ? ಕೈಯಲ್ಲಿ ಪಾಸಿದ್ದರೂ ಫಾಸ್ಟ್ ಲೋಕಲ್ ತನ್ನ ಸ್ಟೇಷನ್ನಿನಲ್ಲಿ ನಿಲ್ಲದವನ ಪಾಡು ಅದು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಈ ಕೊರತೆಯನ್ನೇ ಕುರಿತದ್ದು: ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಕಲ್ಪಿಸಲು ರಾಜ್ಯಗಳಷ್ಟೇ ಅಲ್ಲ, ಸ್ಥಳೀಯ ಸಂಸ್ಥೆಗಳೂ ಯತ್ನಿಸಬೇಕು. ಪಾಲಿಕೆಯ ಹೊಣೆ ಇರುವುದು ಇಲ್ಲಿ. ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಇಂಗ್ಲಿಷ್‌ಗಳ ಜೊತೆ ಕನ್ನಡವೂ ಅದರ ಬೋಧನಾ ಮಾಧ್ಯಮ.

30ನೇ ವಿಧಿಯಂತೆ ಅಲ್ಪಸಂಖ್ಯಾತರು ತಾವೇ ಶಾಲೆ ಕಟ್ಟಿ ನಡೆಸಲೂಬಹುದು. ವಡಾಲದ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿ ಅಂಥದ್ದು. ಹಗಲೆಲ್ಲ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಪಾಠಕ್ಕೆ ಕೂತದ್ದಂತೂ ಸಂವಿಧಾನಕ್ಕೂ ಹಿಂದಿನ ಮಾತು.

ಕನ್ನಡ ಮಾಧ್ಯಮವೆಂದರೆ ಮರಾಠಿಯಿಂದ ವಿನಾಯಿತಿಯಲ್ಲ. 2020ರ ಕಾಯ್ದೆಯಂತೆ ರಾಜ್ಯದ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿ ಕಡ್ಡಾಯ ವಿಷಯ.